ದಸ್ತಗೀರ ಕೊಟ್ಟ ಬೋರ್ಡು

ನಮ್ಮ ಊರಿನಲ್ಲಿ ಮದರ್‌ಬೋರ್ಡು ಹೊಂದಿಸುವುದು ಸಂಬಂಧ ಹೊಂದಿಸುವುದಕ್ಕಿಂತ ಕಷ್ಟ ಎಂದು ಸಾವಂತ್ರಕ್ಕ ಹೇಳುತ್ತಿದ್ದಳು. ಸಂಬಂಧಕ್ಕಾದರೆ ಒಂದು ಜಾತಕ ನೋಡಿದರೆ ಮುಗಿಯಿತು. ಬೋರ್ಡಿಗೆ ಎರಡು ನೋಡಬೇಕು. ಮೊದಲನೆಯದು ಎಲ್ಲ ಊರುಗಳಲ್ಲೂ ನೋಡುವಂಥದ್ದು: ಪ್ರೊಸೆಸರ್ ಕೂರುವ ಸಾಕೆಟ್ ಯಾವುದು, ಮೆಮೊರಿಯ ಕಚ್ಚು ಎಲ್ಲಿದೆ, ಪವರ್ ಸಪ್ಲೈಯ ಪಿನ್ನುಗಳು ಕೂಡುತ್ತವೆಯೆ, ಪೆಟ್ಟಿಗೆಯ ತೂತಿಗೂ ಬೋರ್ಡಿನ ತೂತಿಗೂ ತಾಳೆಯಾಗುತ್ತದೆಯೆ. ಎರಡನೆಯದು ನಮ್ಮಲ್ಲಿ ಮಾತ್ರ. ಬೋರ್ಡು ಯಾರ ಮನೆಯಿಂದ ಬಂತು, ಯಾರ ಮನೆಗೆ ಹೋಗುತ್ತದೆ, ಆ ಎರಡು ಮನೆಗಳ ನಡುವೆ ಮನಸ್ಸು ನೆಟ್ಟಗಿದೆಯೆ. ನೆಟ್ಟಗಿದ್ದರೆ, ಸ್ವಿಚ್ ಒತ್ತಿದಾಗ ಎಲ್ಲ ಕಡೆ ಬರುವಂತೆ ಒಂದು ಗಿಡ್ಡ ದನಿ ಬಂದು ಪರದೆ ಬೆಳಗುತ್ತದೆ. ಇಲ್ಲದಿದ್ದರೆ ಉದ್ದನೆಯ ದನಿಯೊಂದು ಹೊರಟು ನಡುವೆಯೇ ತಟ್ಟನೆ ನಿಲ್ಲುತ್ತದೆ. ಮೆಮೊರಿ ಕೆಟ್ಟಾಗ ಬರುವ ದನಿ, ಡಿಸ್ಪ್ಲೇ ಕೆಟ್ಟಾಗ ಬರುವ ದನಿ, ಎಲ್ಲಕ್ಕೂ ಕಂಪನಿಯವರು ಅರ್ಥ ಕೊಟ್ಟಿದ್ದಾರೆ. ಇದಕ್ಕೆ ಕೊಟ್ಟಿಲ್ಲ. ಯಾರೋ ಏನನ್ನೋ ಹೇಳಲು ಬಾಯಿ ತೆರೆದು, ಬೇಡವೆಂದು ಸುಮ್ಮನಾದ ಹಾಗೆ ಕೇಳುತ್ತದೆ. ಊರಿನವರು ಅದನ್ನು ಬಿಕ್ಕು ಎನ್ನುತ್ತಿದ್ದರು. ಬೋರ್ಡು ಬಿಕ್ಕಿತು ಎಂದರೆ ಎರಡು ಮನೆಗಳ ಮಾನ ಬೀದಿಗೆ ಬಂತು ಎಂದೇ ಅರ್ಥ.

ಹೀಗೇಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಬಾವಿಯ ನೀರು ಸವುಳಾದರೆ ಜನ ಬೇಳೆಯನ್ನು ಇನ್ನಷ್ಟು ಹೊತ್ತು ಬೇಯಿಸುತ್ತಾರಲ್ಲ, ಹಾಗೆ ಹೊಂದಿಕೊಂಡಿದ್ದರು. ನೆರೆಯವರು ಹಳೆಯ ಬೋರ್ಡು ಕೇಳಲು ಬಂದರೆ, “ನಮ್ಮದು ನಿಮ್ಮದಕ್ಕ ಹೊಂದೂದಿಲ್ರೀ, ಪಿನ್ನೇ ಬ್ಯಾರೆ” ಎಂದು ನೋಡದೆಯೇ ಹೇಳಿಬಿಡುವುದು ಮರ್ಯಾದೆಯ ಲಕ್ಷಣವಾಗಿತ್ತು. ಕೇಳಿದವರೂ ಅದನ್ನು ಮರ್ಯಾದೆಯೆಂದೇ ತಿಳಿದು ಚಹಾ ಕುಡಿದು ಹೋಗುತ್ತಿದ್ದರು. ಗೊತ್ತಾಗುವುದಕ್ಕಿಂತ ಗೊತ್ತಾಗದಿರುವುದು ಒಳ್ಳೆಯದು. ಹೆಣ್ಣು ಕೊಟ್ಟು ತರುವ ಮಾತು ಬಂದರೆ ಮಾತ್ರ ಎರಡೂ ಕಡೆಯವರು ಒಂದೊಂದು ಮೆಮೊರಿ ಪಟ್ಟಿಯನ್ನು ಬದಲಿಸಿಕೊಂಡು ಹಾಕಿ ನೋಡುತ್ತಿದ್ದರು. ಹೊಸ ಬೋರ್ಡುಗಳಿಗೆ ಈ ತೊಡಕಿರಲಿಲ್ಲ. ಯಾರ ಮನೆಯಲ್ಲೂ ಇದ್ದು ಬಂದಿರದ ಕಾರಣ ಅವು ಯಾರಿಗಾದರೂ ಏಳುತ್ತಿದ್ದವು.

ಸಾವಂತ್ರಕ್ಕನ ರಿಪೇರಿ ಅಂಗಡಿಗೆ ನಾನು ಸೇರಿದಾಗ ನನ್ನ ಬಳಿ ತತ್ತ್ವಶಾಸ್ತ್ರದ ಎಂ.ಎ. ಪದವಿ ಬಿಟ್ಟರೆ ಬೇರೇನೂ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನು ತಾನೇ ನಡೆಸುತ್ತಿದ್ದ, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ತೂಗಿಬಿಟ್ಟ ಗಟ್ಟಿ ಬಾಯಿಯ ಹೆಂಗಸು ಅವಳು. ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. “ಏ ಡಿಗ್ರಿ, ಸ್ಕ್ರೂಡ್ರೈವರ್ ತಾ.” “ಡಿಗ್ರೀ, ಅವರಿಗೆ ಚಾ ಹೇಳು.” ನಾನು ಹೆಚ್ಚು ಮಾತಾಡುವುದಿಲ್ಲವೆಂದು ಯಾರಾದರೂ ದೂರಿದರೆ, “ಈ ಧಂದೆಕ್ಕ ಎರಡು ಕಿವಿ ಒಂದು ಬಾಯಿ ಬೇಕು. ಬಾಯಿ ನಂದು ಐತಿ, ಸಾಕು” ಎನ್ನುತ್ತಿದ್ದಳು. ಒಂದು ರೀತಿಯಲ್ಲಿ ಅದು ನಿಜ. ಬಿಕ್ಕಿದ ಬೋರ್ಡಿನ ಮುಂದೆ ಇಬ್ಬರು ಮನುಷ್ಯರು ಸುಮ್ಮನೆ ನಿಂತಾಗ ಆ ಸುಮ್ಮನಿರುವಿಕೆಯಲ್ಲಿ ಏನೇನಿರುತ್ತದೆ ಎಂದು ನೋಡುವುದು ನನಗೆ ರೂಢಿಯಾಗಿತ್ತು.

ಬಿಕ್ಕಿದರೆ ಅದಕ್ಕೊಂದು ಕ್ರಮವಿತ್ತು. ಬೋರ್ಡು ಕೊಟ್ಟವರು ಅಂಗಡಿಗೆ ಬಂದು, ಪಡೆದವರ ಎದುರು ಕೂತು, ಮನಸ್ಸಿನಲ್ಲಿದ್ದುದನ್ನು ಹೇಳಿಬಿಡಬೇಕು. ಕೊಡುವ ಕೈ ಕಹಿಯಾದರೆ ಬೋರ್ಡು ಏಳುವುದಿಲ್ಲ ಎಂಬುದು ಹಿರಿಯರಿಂದ ಬಂದ ಮಾತು. ಹೆಚ್ಚಿನ ಸಲ ಫಲಿಸುತ್ತಲೂ ಇತ್ತು. “ನಿನ್ನ ಮಗಳ ಮದುವ್ಯಾಗ ನನ್ನ ಕಡೀ ಪಂಕ್ತ್ಯಾಗ ಕುಂಡ್ರಿಸಿದಿ” ಎಂದು ಒಬ್ಬ ಹೇಳುತ್ತಿದ್ದ. ಇನ್ನೊಬ್ಬ ನಕ್ಕು, “ಅಯ್ಯ, ನಿನಗ ಬಿಸೀ ಹೋಳಗಿ ಸಿಗಲಿ ಅಂತ ಕುಂಡ್ರಿಸಿದ್ದು ಮಾರಾಯಾ” ಎನ್ನುತ್ತಿದ್ದ. ಸ್ವಿಚ್ ಒತ್ತಿದರೆ ಗಿಡ್ಡ ದನಿ ಬರುತ್ತಿತ್ತು. ಹೇಳಬೇಕಾದವರು ಕೊಟ್ಟವರೇ. ಕೈ ಚಾಚಿ ನಿಂತವನಿಗೆ ಎಂಥ ಮುನಿಸು? ಇದರಲ್ಲಿ ಯಾರಿಗೂ ಸಂಶಯವಿರಲಿಲ್ಲ.

ಕಲ್ಲು ಕೆತ್ತುವ ಮಾನಪ್ಪ ಪೆಟ್ಟಿಗೆಯನ್ನು ಗೋಣಿಯಲ್ಲಿ ಸುತ್ತಿ, ಸ್ಕೂಟರಿನ ಮುಂದೆ ಕಾಲ ನಡುವೆ ಇಟ್ಟುಕೊಂಡು ನಮ್ಮ ಅಂಗಡಿಗೆ ಬಂದದ್ದು ಆ ಬೇಸಿಗೆಯಲ್ಲಿ. ನಮ್ಮದು ಕಲ್ಲಿನ ಊರು. ಇಲ್ಲಿ ಸತ್ತವರಿಗೆಲ್ಲ, ಚಿತೆಗೆ ಹೋದವರಿಗೂ ಮಣ್ಣಿಗೆ ಹೋದವರಿಗೂ, ಹಳೆಯ ಗಣಿಯ ಅಂಚಿನಲ್ಲಿ ಒಂದು ಹೆಸರುಗಲ್ಲು ನಿಲ್ಲಿಸುತ್ತಾರೆ. ಅದಕ್ಕೆ ದಿನದ ಕಟ್ಟಿಲ್ಲ, ವರ್ಷದೊಳಗೆ ನಿಂತರಾಯಿತು. ಆ ಹೆಸರುಗಳನ್ನು ಮೊದಲು ಮಾನಪ್ಪ ಕೈಯಲ್ಲೇ ಕೆತ್ತುತ್ತಿದ್ದ. ಆಮೇಲೆ ಅವನೂ ಅವನ ಗೆಳೆಯ ದಸ್ತಗೀರನೂ ಸೇರಿ ಒಂದೇ ಕಂಪನಿಯ, ಒಂದೇ ದಿನ ಪೆಟ್ಟಿಗೆಯಿಂದ ಇಳಿಸಿದ ಎರಡು ಕೆತ್ತನೆ ಯಂತ್ರಗಳನ್ನು ತಂದರು. ಕಂಪ್ಯೂಟರಿನಲ್ಲಿ ಹೆಸರು ಬರೆದರೆ ಯಂತ್ರದ ಸೂಜಿ ಕರಿಕಲ್ಲಿನ ಮೇಲೆ ಅದನ್ನು ಕೊರೆಯುತ್ತದೆ. ದಸ್ತಗೀರ ಕೆಲವು ವರ್ಷ ಅದೇ ಕೆಲಸ ಮಾಡಿ, ನಂತರ ಟೈಲ್ಸ್ ಅಂಗಡಿ ಇಟ್ಟು, ತನ್ನ ಯಂತ್ರಕ್ಕೆ ತಾಡಪಾಲು ಹೊದಿಸಿಬಿಟ್ಟ. ಮಾನಪ್ಪ ಬಿಡಲಿಲ್ಲ. ಬಿಡುವ ಹಾಗೂ ಇರಲಿಲ್ಲ. ಜೀವಮಾನವೆಲ್ಲ ಕಲ್ಲಿನ ಮೇಲೆ ಡ್ರಿಲ್ ಹಿಡಿದು ಅವನ ಕೈಗಳಿಗೆ ನಡುಕ ಬಂದಿತ್ತು. ಚಹಾದ ಬಟ್ಟಲನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿಯುತ್ತಿದ್ದ. ಯಂತ್ರ ನಿಂತರೆ ಅವನ ಕೆಲಸ ನಿಂತಂತೆ.

ನಾನು ಪೆಟ್ಟಿಗೆ ಬಿಚ್ಚಿದೆ. ಬೋರ್ಡಿನ ಮೇಲಿನ ಕೆಪಾಸಿಟರುಗಳು ಹೊಟ್ಟೆ ಉಬ್ಬಿ, ತಲೆ ಸೀಳಿ, ಕಂದು ಅಂಟು ಸುರಿಸಿದ್ದವು. ಒಂದು ಮೂಲೆ ಸುಟ್ಟು ಪದರ ಎದ್ದಿತ್ತು. ಬದಲಿಸದೆ ಬೇರೆ ದಾರಿಯಿರಲಿಲ್ಲ. ಬದಲಿಸಲು ತೊಡಕೆಂದರೆ, ಯಂತ್ರವನ್ನು ಆಡಿಸುವ ಕಾರ್ಡು ಉದ್ದನೆಯ ಕಪ್ಪು ಸೀಳಿನಲ್ಲಿ ಕೂರುವಂಥದ್ದು. ಈಗಿನ ಬೋರ್ಡುಗಳಲ್ಲಿ ಆ ಸೀಳೇ ಇಲ್ಲ.

“ಹೊಸಾದು ಹಾಕವಾ ಸಾವಂತ್ರಿ, ರೊಕ್ಕ ಎಷ್ಟರ ಆಗಲಿ,” ಎಂದ ಮಾನಪ್ಪ.

“ರೊಕ್ಕದ್ದಲ್ಲೋ ಯಣ್ಣಾ. ನಿನ್ನ ಕಾರ್ಡು ಮುದುಕ ಆಗೇತಿ. ಹೊಸಾ ಮನ್ಯಾಗ ಮುದುಕರಿಗೆ ಖೋಲಿನ ಇಡೂದಿಲ್ಲ ಈಗ.”

ನಾನು ದೂರದ ನಗರದ ಗುಜರಿ ಬಜಾರಿಗೆ ಹೋಗಿ ಬಂದೆ. ಒಂದು ಬೋರ್ಡಿನಲ್ಲಿ ಸೀಳಿತ್ತು, ಮಾನಪ್ಪನ ಪ್ರೊಸೆಸರ್ ಕೂರುವ ಸಾಕೆಟ್ ಇರಲಿಲ್ಲ. ಇನ್ನೊಂದರಲ್ಲಿ ಎರಡೂ ಇದ್ದವು, ಜೀವ ಇರಲಿಲ್ಲ. ಮೂರನೆಯದು ಅಂಗಡಿಯವನ ಮೇಜಿನ ಮೇಲೆ ಎದ್ದು, ನಮ್ಮ ಮೇಜಿನ ಮೇಲೆ ಮಲಗಿತು. ಬರಿಗೈಯಲ್ಲಿ ಕೂತಿದ್ದಾಗ ಸಾವಂತ್ರಕ್ಕ ಹಣೆ ತಟ್ಟಿಕೊಂಡಳು. “ಅಲ್ಲೋ, ಕಂಕುಳದಾಗ ಕೂಸು ಇಟಗೊಂಡು ಊರೆಲ್ಲಾ ಹುಡುಕಿದಂಗಾತು. ದಸ್ತಗೀರಣ್ಣನ ಯಂತ್ರ ಸುಮ್ನ ಬಿದ್ದೈತಿ. ಅದ ಬೋರ್ಡು, ಅದ ಸಾಕೆಟ್ಟು.” ಅದು ನೆನಪಾಗದಿದ್ದುದೇ ಒಂದು ಸೋಜಿಗ. ಮಾನಪ್ಪನಿಗೆ ನೆನಪಿತ್ತೇನೋ, ಅವನು ಹೇಳಿರಲಿಲ್ಲ. ಸಾವಂತ್ರಕ್ಕ ಹೇಳಿದಾಗಲೂ “ಅವಂಗ್ಯಾಕ ತ್ರಾಸು” ಎಂದಷ್ಟೇ ಅಂದ.

ದಸ್ತಗೀರ ದೊಡ್ಡ ಮೈಯ, ನಗುವಾಗ ಭುಜ ಕುಣಿಸುವ ಮನುಷ್ಯ. ಕೇಳಿದ ಮರುದಿನ ಬೆಳಿಗ್ಗೆ ಬೋರ್ಡನ್ನು ತಾನೇ ಬಿಚ್ಚಿ, ಧೂಳು ಒರೆಸಿ, ಹಸಿಗೂಸು ಹಿಡಿದಂತೆ ಟವಲಿನಲ್ಲಿ ಹಿಡಿದು ತಂದ. “ತಗೋಳೋ ಮಾನ್ಯಾ. ನಿನ್ನ ಯಂತ್ರ ಓಡಿದ್ರ ನಂದ ಓಡಿದಂಗ. ತಾಡಪಾಲಿನ್ಯಾಗ ಇಲಿ ಮರಿ ಹಾಕೂದಕಿಂತ ಇದು ಛಲೋ.” ಅವರಿಬ್ಬರ ನಡುವೆ ಮುನಿಸಿದೆಯೆಂದು ಊರಿನಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಹಬ್ಬಕ್ಕೆ ಶಾವಿಗೆಯ ಸುರಕುಂಬಾ ಅತ್ತಲಿಂದ ಇತ್ತ, ಹೋಳಿಗೆ ಇತ್ತಲಿಂದ ಅತ್ತ ಹೋಗುತ್ತಿತ್ತು. ಕೆಲವು ವರ್ಷಗಳ ಹಿಂದೆ ಮಾನಪ್ಪನ ಒಬ್ಬನೇ ಮಗ ಮೌನೇಶ ಗಣಿಯ ಲಾರಿ ಮಗುಚಿ ತೀರಿಕೊಂಡಾಗ, ಎಲ್ಲ ಓಡಾಟಕ್ಕೂ ದಸ್ತಗೀರನೇ ನಿಂತಿದ್ದ. ಅವನಂಥ ಗೆಳೆಯ ಇರಬೇಕು ಎಂದು ಜನ ಆಗ ಆಡಿಕೊಂಡಿದ್ದರು.

ಬೋರ್ಡು ಕೂರಿಸಿದೆ. ಪ್ರೊಸೆಸರ್, ಮೆಮೊರಿ, ಕಾರ್ಡು, ಎಲ್ಲ ಒಂದಕ್ಕೊಂದು ಅಳತೆ ಕೊಟ್ಟು ಹೊಲಿಸಿದಂತೆ ಕೂತವು. ಸ್ವಿಚ್ ಒತ್ತಿದೆ. ಉದ್ದನೆಯ ದನಿ ಹೊರಟಿತು. ನಡುವೆ ನಿಂತಿತು.

ಸಾವಂತ್ರಕ್ಕ ಕನ್ನಡಕ ಏರಿಸಿದಳು. “ಡಿಗ್ರೀ, ಮತ್ತೊಮ್ಮೆ ನೋಡು. ಸ್ಕ್ರೂ ಎಲ್ಲೆರ ತಾಗಿರಬೇಕು.” ಎಲ್ಲ ಬಿಚ್ಚಿದೆ. ಮೆಮೊರಿಯ ಚಿನ್ನದ ಗೆರೆಗಳನ್ನು ರಬ್ಬರಿನಿಂದ ಉಜ್ಜಿದೆ, ಬ್ಯಾಟರಿ ತೆಗೆದು ಹಾಕಿದೆ, ಬೋರ್ಡನ್ನು ಪೆಟ್ಟಿಗೆಯಿಂದ ಹೊರಗೆ ರಟ್ಟಿನ ಮೇಲಿಟ್ಟು ಒತ್ತಿದೆ. ಅದೇ ಬಿಕ್ಕು. ದಸ್ತಗೀರನ ಮುಖದ ಬಣ್ಣ ಇಳಿಯಿತು. ಮಾನಪ್ಪ ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದ.

“ಯಾ ಅಲ್ಲಾ. ನಂದೇನ?” ಎಂದ ದಸ್ತಗೀರ. “ನನ್ನ ಎದ್ಯಾಗ ಏನೂ ಇಲ್ಲಲೋ ಮಾನ್ಯಾ.”

“ಇರೂದಿಲ್ಲ ಬಿಡು,” ಎಂದ ಮಾನಪ್ಪ.

“ಇಲ್ಲಾಂದ್ರ ಬೋರ್ಡ್ಯಾಕ ಬಿಕ್ಕೀತು? ಕುಂಡ್ರು ದಸ್ತಗೀರಣ್ಣ,” ಎಂದಳು ಸಾವಂತ್ರಕ್ಕ, ಮೆತ್ತಗೆ. “ಸಣ್ಣದೇನರ ಇರತೈತಿ. ಹೇಳಿಬಿಡು, ಮುಗದು ಹೋಗಲಿ.”

ಅವನು ಕೂತು ಯೋಚಿಸಿದ. ಕೊನೆಗೆ ನಾಚಿಕೊಂಡು, ಹಿಂದೊಮ್ಮೆ ಶಾಲೆಯ ಅಡಿಗಲ್ಲಿನ ಕೆಲಸ ತನಗೆ ಬಾರದೆ ಮಾನಪ್ಪನಿಗೆ ಹೋದಾಗ ಹೊಟ್ಟೆ ಉರಿದಿತ್ತು ಎಂದ. ಮಾನಪ್ಪ ನಕ್ಕ. ಸಾವಂತ್ರಕ್ಕ ನಕ್ಕಳು. ನಾನು ಒತ್ತಿದೆ. ಬಿಕ್ಕಿತು. ಆಮೇಲೆ ಇನ್ನೊಂದು ನೆನಪಾಯಿತು: ಗಿರಾಕಿಯೊಬ್ಬನ ಮುಂದೆ ಮಾನಪ್ಪನ ಕಲ್ಲು ಮೆದು ಎಂದು ಒಮ್ಮೆ ಅಂದಿದ್ದ. ಇದಕ್ಕೆ ಮಾನಪ್ಪ ಅಷ್ಟು ನಗಲಿಲ್ಲ. ಬೋರ್ಡು ಏಳಲಿಲ್ಲ.

ಮುಂದಿನ ವಾರಗಳಲ್ಲಿ ದಸ್ತಗೀರ ಹಲವು ಸಲ ಬಂದ. ಪ್ರತಿ ಸಲವೂ ಎಲ್ಲಿಂದಲೋ ಅಗೆದು ಒಂದನ್ನು ತರುತ್ತಿದ್ದ. ಮಾನಪ್ಪನ ಅಕ್ಷರದ ತಿರುವು ತನ್ನ ಕೈಗೆ ಬರಲಿಲ್ಲವೆಂಬ ಅಸೂಯೆ. ಇಬ್ಬರೂ ಹುಡುಗರಾಗಿದ್ದಾಗ ಕದ್ದ ಉಳಿ. ಹೇಳುವಾಗ ತಲೆ ತಗ್ಗಿಸುತ್ತಿದ್ದ, ಹೇಳಿದ ಮೇಲೆ ಆಸೆಯಿಂದ ನನ್ನ ಬೆರಳನ್ನು ನೋಡುತ್ತಿದ್ದ. ಆ ನೋಟ ನನಗೆ ಈಗಲೂ ಕಾಣುತ್ತದೆ. ಮಾನಪ್ಪ ಎದುರು ಕೂತು ಎಲ್ಲವನ್ನೂ ಕೇಳುತ್ತಿದ್ದ. “ಅದೇನ ದೊಡ್ಡದಲ್ಲ ಬಿಡು” ಎನ್ನುತ್ತಿದ್ದ. ಆದರೆ ಹಾಗೆನ್ನುವ ದನಿ ಸಲದಿಂದ ಸಲಕ್ಕೆ ಒಣಗುತ್ತ ಹೋಯಿತು. ಕ್ಷಮಿಸುವ ಕೆಲಸವನ್ನೇ ಅಷ್ಟು ಸಲ ಮಾಡಿದರೆ ಯಾರಿಗಾದರೂ ದಣಿವಾಗುತ್ತದೆ.

ಊರಿನ ಬಾಯಿಗೆ ದಣಿವಿಲ್ಲ. ಚಹಾದಂಗಡಿಯಲ್ಲಿ ದಸ್ತಗೀರ ಕಂಡರೆ, “ಏನ ಸಾಬ್ರ, ಇನ್ನೂ ತಳಾ ಹತ್ತಿಲ್ಲೇನ ಬಾವೀದು?” ಎನ್ನುವವರು. “ನಗೂದು ನೋಡಿ ನಂಬಬಾರದಪಾ, ಭುಜ ಕುಣಸಾವ ಹೊಟ್ಯಾಗ ಹಾವು ಸಾಕಿರತಾನ” ಎನ್ನುವವರು. ಅವನ ಅಂಗಡಿಯಲ್ಲಿ ಟೈಲ್ಸ್ ಕೊಳ್ಳುವುದಕ್ಕೂ ಜನ ಹಿಂಜರಿದರು. ಮನೆಯ ನೆಲಕ್ಕೆ ಹಾಕುವುದು, ಯಾಕೆ ಬೇಕು ಎಂದು. ದಸ್ತಗೀರ ಮೊದಮೊದಲು ತಿರುಗಿ ಬಯ್ಯುತ್ತಿದ್ದ, ಆಮೇಲೆ ಸುಮ್ಮನಾದ, ಆಮೇಲೆ ಅವರು ಹೇಳುವುದೇ ಇರಬೇಕೇನೋ ಎಂದುಕೊಂಡ. ಒಂದು ದಿನ ನನ್ನೊಬ್ಬನನ್ನೇ ಕಂಡು ಕೇಳಿದ: “ಡಿಗ್ರಿ ಸರ, ನೀವು ಓದಿದವ್ರು. ಮನಷ್ಯಾಗ ಗೊತ್ತಿಲ್ಲದಂಗ ಅವನ ಎದ್ಯಾಗ ದ್ವೇಷ ಇರತೈತೇನ್ರೀ?” ಇರಬಹುದು ಎಂದು ಪುಸ್ತಕಗಳು ಹೇಳುತ್ತವೆ ಎಂದೆ. ಅವನು ತಲೆಯಾಡಿಸುತ್ತ ಹೋದ. ಯಾರ ಎದೆಯ ಬಗ್ಗೆ ಕೇಳಬೇಕು ಎಂಬುದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಕೊನೆಯ ಸಲ ಬಂದಾಗ ಅವನು ಗಡ್ಡ ಕೂಡ ಬೋಳಿಸಿಕೊಂಡಿರಲಿಲ್ಲ. ಮಾನಪ್ಪನನ್ನು ಕರೆಸಿ ಎಂದ. ಕರೆಸಿದೆವು. ಎದುರು ಕೂತು, ನೆಲ ನೋಡುತ್ತ, ಪಾಠ ಒಪ್ಪಿಸುವವನಂತೆ ಹೇಳಿದ. “ಮಾನ್ಯಾ, ನನಗ ಎರಡೂ ಹೆಣ್ಣು. ನಿನಗ ಗಂಡು. ನಿನ್ನ ಕೈ ಕೆಲಸಾ ನಿನ್ನ ಮಗಗ ಹೋಗತೈತಿ, ನಂದು ನನ್ನ ಸಂಗಾಟ ಮುಗೀತೈತಿ ಅಂತ ಒಳಗೊಳಗ ಕುದೀತಿದ್ದೆ. ಮೌನೇಶ ಹೋದ ಸುದ್ದಿ ಬಂದಾಗ...” ಸಾವಂತ್ರಕ್ಕ “ಸಾಕು ದಸ್ತಗೀರಣ್ಣ” ಎಂದಳು. ಅವನು ನಿಲ್ಲಿಸಲಿಲ್ಲ. “ಒಂದ ಗಳಿಗಿ, ಒಂದ ಗಳಿಗಿ ಮಾತ್ರ, ಈಗ ಇಬ್ರೂ ಸಮ ಆದಿವಿ ಅನಸ್ತು.”

ನನ್ನ ಬೆರಳು ತಾನಾಗಿ ಸ್ವಿಚ್ಚಿಗೆ ಹೋಯಿತೋ, ದಸ್ತಗೀರನ ಕಣ್ಣು ಅದನ್ನು ಎಳೆಯಿತೋ. ಉದ್ದನೆಯ ದನಿ ಹೊರಟು, ನಿಂತಿತು. ಮಾನಪ್ಪ ಎದ್ದ. ಬೋರ್ಡಿನ ತಿರುಪುಗಳನ್ನು ತಾನೇ ಬಿಚ್ಚಲು ಹೋದ. ಕೈ ನಡುಗಿ ಸ್ಕ್ರೂಡ್ರೈವರ್ ಜಾರಿತು. ನಾನು ಬಿಚ್ಚಿಕೊಟ್ಟೆ. ಅವನು ಅದನ್ನು ದಸ್ತಗೀರನ ತೊಡೆಯ ಮೇಲಿಟ್ಟು, ಹೊರಗೆ ಹೋದ. ಆ ದಿನದಿಂದ ಹೋಳಿಗೆ ಅತ್ತ ಹೋಗಲಿಲ್ಲ, ಸುರಕುಂಬಾ ಇತ್ತ ಬರಲಿಲ್ಲ. ಮಾನಪ್ಪ ಯಂತ್ರದ ಕೋಣೆಗೆ ಬೀಗ ಹಾಕಿ, ಬೇರೆಯವರ ಕಟ್ಟೆಯಲ್ಲಿ ಕಲ್ಲಿನ ಲೋಡು ಎಣಿಸುವ ಕೆಲಸಕ್ಕೆ ಹೋದ.

ಮಳೆಗಾಲ ಮುಗಿಯುವ ಹೊತ್ತಿಗೆ ದಸ್ತಗೀರ ಟೈಲ್ಸ್ ಅಂಗಡಿಯಲ್ಲಿ ಕೂತಲ್ಲೇ ತೀರಿಕೊಂಡ. ಮಣ್ಣಿಗೆ ಮಾನಪ್ಪ ಬಂದಿದ್ದ. ಎಲ್ಲರ ಹಿಂದೆ ನಿಂತು ಒಂದು ಹಿಡಿ ಮಣ್ಣು ಹಾಕಿ ಹೋದನೆಂದು ನೋಡಿದವರು ಹೇಳಿದರು.

ನಲವತ್ತನೆಯ ದಿನದ ಫಾತೆಹಾ ಮುಗಿದ ಮೇಲೆ ದಸ್ತಗೀರನ ಹೆಂಡತಿ ಮಾಬೂಬಿ ನಮ್ಮ ಅಂಗಡಿಗೆ ಬಂದಳು. ಗಂಡನ ಅದೇ ಟವಲಿನಲ್ಲಿ ಅದೇ ಬೋರ್ಡು. ಸಣ್ಣ ಮೈಯ, ಎಂದೂ ದನಿ ಏರಿಸದ ಹೆಂಗಸು ಅವಳು. ಅಂದು ನೇರವಾಗಿ ಹೇಳಿದಳು. “ಅಕ್ಕಾರ, ಸತ್ತವರಿಗೆ ಮುನಿಸಿಲ್ಲ ಅಂತೀರಲ್ಲ. ನನ್ನ ಗಂಡ ಸತ್ತಾನ. ಈಗ ಇದು ಬಿಕ್ಕೂದಿಲ್ಲ. ಇದನ್ನ ಮಾನಪ್ಪಣ್ಣನ ಯಂತ್ರಕ್ಕ ಹಾಕ್ರಿ. ಅದರಾಗ ಇವರ ಹೆಸರು ಕೆತ್ತಲಿ. ಚಾದಂಗಡ್ಯಾಗ ಮಾತಾಡಿದ ಮಂದಿ ಎಲ್ಲಾ ಬಂದು ನಿಂತು ಕೇಳಲಿ.” ಅವಳಿಗೆ ಬೇಕಾದದ್ದು ಇಷ್ಟೇ. ಗಂಡ ಹೊಟ್ಟೆಯಲ್ಲಿ ಹಾವು ಸಾಕಿದವನೆಂಬ ಮಾತು ಹೆಸರುಗಲ್ಲು ನಿಲ್ಲುವ ಮೊದಲು ಊರಿನಿಂದ ಅಳಿಯಬೇಕು. ಅದು ಸರಿಯಾದ ದಾರಿಯೂ ಆಗಿತ್ತು. ಸತ್ತವರ ಮನೆಯ ಬೋರ್ಡು ಎಂದೂ ಕೈಕೊಟ್ಟದ್ದಿಲ್ಲ ಎಂದು ಸಾವಂತ್ರಕ್ಕನೂ ಹೇಳಿದಳು.

ಮಾನಪ್ಪನನ್ನು ಒಪ್ಪಿಸಲು ಕಷ್ಟವಾಗಲಿಲ್ಲ. ಹೂಂ ಎನ್ನಲಿಲ್ಲ, ಬೀಗದ ಕೈ ಕೊಟ್ಟ. ಒಂದು ಮುಂಜಾನೆ ಅವನ ಕೋಣೆಯಲ್ಲಿ ಜನ ತುಂಬಿದರು. ಬಾಗಿಲಾಚೆಯೂ ನಿಂತರು. ಮಾಬೂಬಿ ಹೆಸರಿಲ್ಲದ ಕರಿಕಲ್ಲನ್ನು ಕೈಗಾಡಿಯಲ್ಲಿ ತರಿಸಿ ಹೊರಗೆ ನಿಲ್ಲಿಸಿದ್ದಳು. ನಾನು ನಿಧಾನವಾಗಿ, ಒಂದೊಂದನ್ನೂ ಎರಡು ಸಲ ನೋಡಿ ಕೂರಿಸಿದೆ. ಎಲ್ಲ ಸರಿಯಾಗಿತ್ತು. “ಒತ್ತು ಡಿಗ್ರಿ,” ಎಂದಳು ಸಾವಂತ್ರಕ್ಕ.

ಒತ್ತಿದೆ. ಉದ್ದನೆಯ ದನಿ ಹೊರಟಿತು. ಎಲ್ಲರೂ ಅದರ ಜೊತೆ ಉಸಿರು ಹಿಡಿದರು. ನಡುವೆ ನಿಂತಿತು.

ಬಾಗಿಲ ಬಳಿ ಯಾರೋ, “ಸತ್ತರೂ ಬಿಡಲಿಲ್ಲ ನೋಡು ಸಾಬ” ಎಂದರು. ಯಾರೂ ನಗಲಿಲ್ಲ. ಮಾಬೂಬಿ ಗೋಡೆಗೆ ಒರಗಿದಳು. ಸಾವಂತ್ರಕ್ಕ ಮಾತ್ರ ಬೋರ್ಡನ್ನು ನೋಡುತ್ತಿರಲಿಲ್ಲ. ಕನ್ನಡಕ ತೆಗೆದು, ಬರಿಗಣ್ಣಿನಲ್ಲಿ, ಮಾನಪ್ಪನನ್ನು ನೋಡುತ್ತಿದ್ದಳು. ಅವಳು ಮಾತಾಡದೆ ನಿಂತದ್ದನ್ನು ಅದೇ ಮೊದಲು ನೋಡಿದ್ದು ನಾನು. ಒಬ್ಬೊಬ್ಬರಾಗಿ ಜನ ಅವಳ ನೋಟ ಹಿಡಿದು ಅತ್ತ ತಿರುಗಿದರು. ಕೋಣೆಯಲ್ಲಿ ಎರಡು ಮನೆಗಳಿದ್ದವು. ಒಂದರ ಯಜಮಾನ ಮಣ್ಣಲ್ಲಿದ್ದ.

“ಹೊರಗ ಹೋಗ್ರಿ ಎಲ್ಲಾರೂ,” ಎಂದ ಮಾನಪ್ಪ.

“ಯಾರೂ ಹೋಗಬ್ಯಾಡ್ರಿ,” ಎಂದಳು ಮಾಬೂಬಿ. “ನನ್ನ ಗಂಡ ಹೇಳಿದ್ದನ್ನ ಊರೆಲ್ಲಾ ಕೇಳಿ ಆಡಿಕೊಂಡೀರಿ. ಈಗೂ ಕೇಳ್ರಿ.”

ಮಾನಪ್ಪ ಯಂತ್ರಕ್ಕೆ ಹೇಳುವವನಂತೆ, ಅದರ ಕಬ್ಬಿಣದ ಮೇಜಿನ ಮೇಲೆ ಕೈಯೂರಿ ಹೇಳಿದ. “ಮೌನೇಶನ ಕಲ್ಲು. ನಾ ದವಾಖಾನಿಯಿಂದ ಅವನ್ನ ತಂದು, ಕಾರ್ಯ ಮಾಡಿ, ಮೂರನೇ ದಿನಾ ಗಣೀ ಅಂಚಿಗೆ ಹೋದ್ರ ಕಲ್ಲು ನಿಂತಿತ್ತು. ದಸ್ತಗೀರ ಒಂದ ದಿನದಾಗ ಯಂತ್ರದಾಗ ಹೊಡದು ನಿಲ್ಲಿಸಿದ್ದ. ನನಗ ತ್ರಾಸ ಆಗಬಾರದು ಅಂತ. ಛಲೋ ಕೆತ್ತಿದ್ದ. ಎಲ್ಲಾರೂ ಹೊಗಳಿದ್ರಿ. ನಾನೂ ಕೈ ಮುಗದೆ.” ಎರಡೂ ಕೈಗಳನ್ನು ಮುಂದೆ ಚಾಚಿ ತೋರಿಸಿದ. “ಆಗ ಇನ್ನೂ ನನ್ನ ಕೈ ನೆಟ್ಟಗಿದ್ವು. ನಾ ಹಿತ್ತಲದಾಗ ಒಂದು ಕಲ್ಲು ಆರಿಸಿ ಇಟ್ಟಿದ್ದೆ. ವರ್ಷ ತನಕಾ ಕೆತ್ತಬೇಕಂತ ಇದ್ದೆ. ದಿನಕ್ಕ ಒಂದ ಗೆರಿ, ಅಷ್ಟ. ಅಷ್ಟು ದಿನಾ ಅವ ನನ್ನ ಕೈಯಾಗ ಇರತಿದ್ದ.”

“ಹೇಳಬೇಕಿತ್ತಲ್ಲೋ ಯಣ್ಣಾ,” ಎಂದಳು ಸಾವಂತ್ರಕ್ಕ.

“ಏನಂತ ಹೇಳಲಿ? ಉಪಕಾರ ಮಾಡಿದವನ ಮುಂದ ಏನಂತ ಹೇಳಲಿ? ಮುನಿಸು ಅಂತ ನನಗೂ ಗೊತ್ತಿರಲಿಲ್ಲ. ಕೊಟ್ಟವರದ ಮುನಿಸು ಅಂತ ನೀವೆಲ್ಲಾ ಅಂದ್ರಿ. ಹೌದೇನೋ ಅಂತ ನಾನೂ ಕೇಳ್ಕೋತ ಕುಂತೆ.”

ಮಾಬೂಬಿ ಗೋಡೆಯಿಂದ ಸರಿದು ಅವನ ಹತ್ತಿರ ಬಂದಳು. ಬಯ್ಯುತ್ತಾಳೆಂದು ನಾವೆಲ್ಲ ಅಂದುಕೊಂಡೆವು. “ಕಡೀಗೆ ಇವರು ಹೇಳಿದ್ರಲ್ಲ, ಮೌನೇಶನ ಮಾತು, ಸಮ ಆದಿವಿ ಅಂತ,” ಎಂದಳು. “ಅದು ಸುಳ್ಳು ಯಣ್ಣಾ. ಆ ಸುದ್ದಿ ಬಂದಾಗ ಇವರು ಚಪ್ಪಲಿ ಸೈತ ಮೆಟ್ಟದ ಓಡಿದ್ರು. ಎರಡು ದಿನಾ ಉಣಲಿಲ್ಲ. ಆದರ ಒಳಗ ಏನ ಹುಡು‌ಕಿದ್ರೂ ಸಿಗಲಿಲ್ಲ, ಬೋರ್ಡು ಏಳವಲ್ದು. ಯಾವ ಪಾಪ ಹೇಳಿದ್ರ ಮಾನ್ಯಾನ ಯಂತ್ರ ಓಡೀತು ಅಂತ ನನ್ನ ಕೇಳಿದ್ರು. ಆ ಸಮ ಆದಿವಿ ಅನ್ನೂ ಮಾತನ್ನ ತಾವ ಕಟ್ಟಿದ್ರು. ಹಂಗ ಹೇಳಬ್ಯಾಡ್ರಿ ಅಂತ ಅಂದೆ. ಹೇಳಿ ಬಂದ್ರು. ಬಂದ ಮ್ಯಾಲ ಅದು ಖರೇನ ಇರಬೇಕೇನೋ ಅಂತ ತಾವೂ ನಂಬಿದ್ರು. ನಂಬಿಕೋತನ ಹೋದ್ರು.”

ಮಾನಪ್ಪ ಮೇಜಿನ ಮೇಲೆ ತಲೆ ಇಟ್ಟ. ಅವನ ಬೆನ್ನು ಮಾತ್ರ ನಮಗೆ ಕಾಣುತ್ತಿತ್ತು. ಬಾಗಿಲ ಬಳಿಯ ಜನ ಸದ್ದಿಲ್ಲದೆ ಕರಗಿದರು; ಚಹಾದಂಗಡಿಯವರು ಮೊದಲು.

ಯಾರು ಹೇಳಿದರೆಂದು ನೆನಪಿಲ್ಲ, ನಾನು ಮತ್ತೊಮ್ಮೆ ಒತ್ತಿದೆ. ಒಂದು ಗಿಡ್ಡ ದನಿ ಬಂತು. ಪರದೆ ಬೆಳಗಿತು. ಯಂತ್ರದ ತೋಳು ಎಡಕ್ಕೆ ಬಲಕ್ಕೆ ಒಮ್ಮೆ ಆಡಿ, ತನ್ನ ಮೂಲೆಗೆ ಬಂದು ನಿಂತು, ಹೆಸರಿಗಾಗಿ ಕಾಯಿತು. ಇಷ್ಟು ಸಲೀಸಾಗಿ ಏಳಬಹುದಾಗಿದ್ದ ಯಂತ್ರ.

ಮಾನಪ್ಪ ಮುಖ ಒರೆಸಿಕೊಂಡು ಎದ್ದ. ಪರದೆಯನ್ನು ನೋಡಿದ, ಹೊರಗಿನ ಕೈಗಾಡಿಯ ಕಲ್ಲನ್ನು ನೋಡಿದ. ಆಮೇಲೆ ಮಾಬೂಬಿಯನ್ನು ಕೇಳಿದ: “ತಂಗೀ, ದಸ್ತಗೀರನ ಹೆಸರು ಯಾರು ಕೆತ್ತಬೇಕು? ನೀ ಹೇಳು.”

ಅವಳು ಯೋಚಿಸಿದಳು. “ನಾ ಕೆತ್ತತೀನಿ,” ಎಂದಳು.

“ನಿನಗ ಉಳಿ ಹಿಡದು ರೂಢಿಲ್ಲ. ಹ್ಯಾಂಗ ಹಿಡೀಬೇಕು ಅಂತ ತೋರಸ್ತೀನಿ.”

“ಬ್ಯಾಡ. ಸೊಟ್ಟ ಆದ್ರ ಆಗಲಿ. ವರ್ಷ ಐತಲ್ಲ.”

ಅವನು ತಲೆಯಾಡಿಸಿದ. ನನ್ನ ಕಡೆ ತಿರುಗಿ, “ಸರ, ಬೋರ್ಡು ಬಿಚ್ಚಿ ಅಕಿಗೆ ಕೊಟ್ಟಬಿಡ್ರಿ” ಎಂದ. “ಈಗ ಯಾರ ಮನಿಗೆ ಹಾಕಿದ್ರೂ ಏಳತೈತಿ. ಅವರ ಮನಿ ಬೋರ್ಡು ಅವರ ಮನಿಗೆ ಹೋಗಲಿ. ನನಗ ಲೋಡು ಎಣಸೂ ಕೆಲಸ ಐತಿ.” ನಾನು ಸ್ಕ್ರೂಡ್ರೈವರಿಗೆ ಕೈ ಹಾಕಿದೆ.

“ಮುಟ್ಟಬ್ಯಾಡ್ರಿ,” ಎಂದಳು ಮಾಬೂಬಿ. “ಕೊಟ್ಟವರು ಅವರು. ತಿರುಗಿ ತಗೊಳಾಕ ನಾ ಯಾರು? ಮಾನ್ಯಾನ ಯಂತ್ರ ಓಡಲಿ ಅಂತನ ಅವರು ಅಷ್ಟೂ ಮಾಡಿದ್ದು. ಓಡಲಿ. ದಿನಾ ಓಡಲಿ.”

ಖಾಲಿ ಟವಲನ್ನು ಮಡಚಿ ಬಗಲಿಗೆ ಇಟ್ಟುಕೊಂಡು ಅವಳು ಹೊರಗೆ ಹೋದಳು. ಕೈಗಾಡಿಯ ಗಾಲಿಯ ಸದ್ದು ಓಣಿಯ ತಿರುವಿನವರೆಗೂ ಕೇಳಿಸಿತು. ಸಾವಂತ್ರಕ್ಕ ನನ್ನ ತೋಳು ಹಿಡಿದು ಏಳಿಸಿದಳು. ನಾವು ಹೊರಡುವ ಹೊತ್ತಿಗೆ ಮಾನಪ್ಪ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತಿದ್ದ. ಬೇಸಿಗೆಯಿಂದಲೂ ಹೆಸರಿಗಾಗಿ ಕಾದು ಬಿದ್ದಿದ್ದ ಕಲ್ಲೊಂದು ಮೂಲೆಯಲ್ಲಿತ್ತು, ಯಾರೋ ದೂರದ ಮನೆಯವರದು. ಅದನ್ನು ಮೇಜಿಗೆ ಏರಿಸಲು ನಾನೂ ಕೈ ಜೋಡಿಸಿದೆ. ಆ ಅಪರಿಚಿತನ ಹೆಸರನ್ನು ಅವನು ಒಂದೇ ಬೆರಳಿನಿಂದ, ಒಂದೊಂದೇ ಅಕ್ಷರ ಹುಡುಕಿ ಒತ್ತಿದ. ಸೂಜಿ ಇಳಿಯಿತು. ಸಂಜೆಯವರೆಗೂ ಯಂತ್ರ ಓಡಿತು. ಒಂದು ಸಲವೂ ನಡುವೆ ನಿಲ್ಲಲಿಲ್ಲ.